ಥೈಲ್ಯಾಂಡ್‌ಗೆ ಗಾಲ್ಫ್ ಆಡಲು ಹೊರಟವರಿಗೆ: ತಿಂಗಳು ಗೊತ್ತುಮಾಡುವುದರಿಂದ ಕ್ಯಾಡಿಯ ಕೈಗೆ ಟಿಪ್ ಕೊಡುವವರೆಗೆ

ದಸರೆ ಮುಗಿಯುತ್ತಿದ್ದಂತೆ ನನ್ನ ಫೋನಿಗೆ ಒಂದೇ ಬಗೆಯ ಮೆಸೇಜುಗಳು ಶುರುವಾಗುತ್ತವೆ. "ನಾಲ್ಕು ಜನ ಥೈಲ್ಯಾಂಡ್‌ಗೆ ಗಾಲ್ಫ್ ಆಡೋಕೆ ಹೋಗೋಣ ಅಂತಿದ್ದೀವಿ. ಯಾವ ಕೋರ್ಸ್ ಚೆನ್ನಾಗಿದೆ ಹೇಳಿ?" ಎಲ್ಲರಿಗೂ ಬೇರೆಬೇರೆಯಾಗಿ ಉತ್ತರ ಬರೆದು ಸಾಕಾಗಿ ಇದನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಯಾವ ಕೋರ್ಸ್, ಅಂದರೆ ಯಾವ ಗಾಲ್ಫ್ ಮೈದಾನ, ಎನ್ನುವುದು ಕೊನೆಗೆ ಕೇಳಬೇಕಾದ ಪ್ರಶ್ನೆ. ಥೈಲ್ಯಾಂಡ್‌ನಲ್ಲಿ ಸಾಧಾರಣ ಎನ್ನುವ ಕೋರ್ಸೂ ನಮ್ಮ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಪ್ರವಾಸ ಕೆಡುವುದು ತಪ್ಪು ತಿಂಗಳಿನಿಂದ, ವ್ಯಾನಿನೊಳಗೆ ಕಳೆದ ಗಂಟೆಗಳಿಂದ, ಏಳು ದಿನಕ್ಕೆ ಏಳು ರೌಂಡ್ (18 ಹೋಲ್, ಅಂದರೆ ಗುಳಿಗಳ, ಪೂರ್ತಿ ಆಟಕ್ಕೆ ಒಂದು ರೌಂಡ್) ಎನ್ನುವ ಆಸೆಯಿಂದ. ನೀವು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ವಾರಕ್ಕೊಮ್ಮೆ ಆಡುವವರು, ಗಾಲ್ಫ್‌ಗೆಂದೇ ವಿದೇಶಕ್ಕೆ ಇದೇ ಮೊದಲ ಸಲ ಹೊರಟಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ.

1. ಮೊದಲು ತಿಂಗಳು

ನವೆಂಬರ್‌ನಿಂದ ಫೆಬ್ರವರಿವರೆಗೆ ಮಳೆ ಕಡಿಮೆ, ಬೆಳಗಿನ ಹೊತ್ತು ಹಿತವಾಗಿರುತ್ತದೆ. ಎಲ್ಲರೂ ಬರುವುದೂ ಆಗಲೇ. ಯುರೋಪ್, ಕೊರಿಯಾ, ಜಪಾನ್‌ನವರು ಚಳಿ ತಪ್ಪಿಸಿಕೊಂಡು ಬಂದಿಳಿಯುತ್ತಾರೆ, ದರ ಏರುತ್ತದೆ, ಟೀ ಟೈಮ್ ಸಿಗುವುದು ಕಷ್ಟ. ಟೀ ಟೈಮ್ ಎಂದರೆ ಮೊದಲ ಹೋಲ್‌ನಲ್ಲಿ ನಿಮ್ಮ ತಂಡ ಆಟ ಶುರುಮಾಡಬೇಕಾದ ನಿಗದಿತ ಗಳಿಗೆ. ಮಾರ್ಚ್‌ನಿಂದ ಮೇವರೆಗೆ ಸುಡು ಬಿಸಿಲು. ಏಪ್ರಿಲ್ 13ರಿಂದ 15ರವರೆಗೆ ಸೊಂಗ್‌ಕ್ರಾನ್, ಅಂದರೆ ಥಾಯ್ ಹೊಸ ವರ್ಷ. ಊರಿಗೆ ಊರೇ ಬೀದಿಗಿಳಿದು ನೀರೆರಚುತ್ತದೆ, ಹೆದ್ದಾರಿಗಳು ತುಂಬಿರುತ್ತವೆ. ಹಬ್ಬ ನೋಡಬೇಕೆಂದಿದ್ದರೆ ಹೋಗಿ, ಗಾಲ್ಫ್‌ಗೆ ಬೇಡ.

ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಆದರೆ ನಮ್ಮ ಮಲೆನಾಡಿನಂತೆ ದಿನವಿಡೀ ಜಡಿಮಳೆ ಕಡಿಮೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಸಮೇತ ಒಂದೆರಡು ಗಂಟೆ ಸುರಿದು ಹೋಗುತ್ತದೆ. ಬೆಳಿಗ್ಗೆ ಏಳಕ್ಕೆ ಮುಂಚೆ ಟೀ ಆಫ್ ಮಾಡಬಲ್ಲವರಿಗೆ ಜೂನ್, ಜುಲೈ ಒಳ್ಳೆಯ ಆಯ್ಕೆ. ಆಟದ ಶುಲ್ಕವಾದ ಗ್ರೀನ್ ಫೀ ಸಾಕಷ್ಟು ಇಳಿದಿರುತ್ತದೆ, ಮುಂದೆ ಹಿಂದೆ ಯಾರೂ ಇರುವುದಿಲ್ಲ. ಎರಡನೇ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಮೊದಲ ಸಲಕ್ಕೆ ಮಾತ್ರ ನವೆಂಬರ್ ಕೊನೆಯ ವಾರ ಅಥವಾ ಫೆಬ್ರವರಿ.

ಇಡೀ ದೇಶಕ್ಕೆ ಒಂದೇ ಲೆಕ್ಕವೂ ನಡೆಯುವುದಿಲ್ಲ. ಉತ್ತರದ ಚಿಯಾಂಗ್ ಮಾಯ್‌ನಲ್ಲಿ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಹೊಲದ ಕೂಳೆ ಮತ್ತು ಕಾಡಿನ ಬೆಂಕಿಯ ಹೊಗೆ ಕವಿದಿರುತ್ತದೆ. ಬೆಟ್ಟ ನೋಡಲು ಹೋದವರಿಗೆ ಬೆಟ್ಟವೇ ಕಾಣುವುದಿಲ್ಲ, ಗಂಟಲು ಉರಿ ಬೇರೆ. ಅಲ್ಲಿಗೆ ನವೆಂಬರ್‌ನಿಂದ ಜನವರಿ ಸರಿ.

2. ಒಂದು ಊರು, ಒಂದೇ ಊರು

ಪ್ರವಾಸ ಕಂಪನಿಗಳ ಪಟ್ಟಿಯಲ್ಲಿ "ಬ್ಯಾಂಕಾಕ್ 2 ರಾತ್ರಿ, ಪಟ್ಟಾಯ 3 ರಾತ್ರಿ, ಫುಕೆಟ್ 2 ರಾತ್ರಿ" ಎಂದಿರುತ್ತದೆ. ಸಾಮಾನ್ಯ ಪ್ರವಾಸಿಗೆ ಅದು ಸರಿಯಿರಬಹುದು. ಹದಿನೈದು ಕಿಲೋ ತೂಗುವ ಗಾಲ್ಫ್ ಬ್ಯಾಗ್ ಹೊತ್ತ ನಾಲ್ವರಿಗೆ ಅದು ಸ್ಥಳಾಂತರದ ಶಿಕ್ಷೆ. ಒಂದು ವಾರಕ್ಕೆ ಒಂದೇ ಊರಿನಲ್ಲಿ ತಳವೂರಿ, ಅಲ್ಲಿಂದ ಮುಕ್ಕಾಲು ಗಂಟೆಯೊಳಗೆ ತಲುಪುವ ಕೋರ್ಸುಗಳಲ್ಲಿ ಮಾತ್ರ ಆಡಿ.

ಯಾವ ಊರು? ಮೊದಲ ಸಲಕ್ಕೆ ನನ್ನ ಉತ್ತರ ಹುವಾ ಹಿನ್. ಬ್ಯಾಂಕಾಕ್‌ನಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್ ದೂರದ ಕಡಲತೀರದ ಊರು, ರಸ್ತೆಯಲ್ಲಿ ಮೂರು ಗಂಟೆ ಹಿಡಿಯುತ್ತದೆ. ಥಾಯ್ ರಾಜಮನೆತನ ಬೇಸಿಗೆಗೆ ಬರುತ್ತಿದ್ದ ಜಾಗ, ಹಾಗಾಗಿ ಗದ್ದಲ ಕಡಿಮೆ. ಪಶ್ಚಿಮಕ್ಕೆ ತೆನಾಸೆರಿಮ್ ಬೆಟ್ಟಸಾಲು ಅಡ್ಡ ನಿಂತಿರುವುದರಿಂದ ಮಳೆಯೂ ಕಡಿಮೆ. ಪಶ್ಚಿಮಘಟ್ಟದ ಈಚೆ ಚಿತ್ರದುರ್ಗ ಇದ್ದಂತೆ, ಅದೂ ಮಳೆನೆರಳಿನ ಸೀಮೆ. ಹುವಾ ಹಿನ್‌ನಲ್ಲಿ ಜೋರು ಮಳೆ ಬೀಳುವುದು ಮುಖ್ಯವಾಗಿ ಅಕ್ಟೋಬರ್ ಆಸುಪಾಸಿನಲ್ಲಿ.

ದೇಶದ ಮೊದಲ ಪೂರ್ಣಪ್ರಮಾಣದ ಕೋರ್ಸ್ ಇರುವುದೂ ಇಲ್ಲೇ. ರಾಯಲ್ ಹುವಾ ಹಿನ್, 1924ರದು. ಸ್ಕಾಟ್ಲೆಂಡ್ ಮೂಲದ ರೈಲ್ವೆ ಇಂಜಿನಿಯರ್ ಎ. ಓ. ರಾಬಿನ್ಸ್ ಯೋಜಿಸಿದ್ದು, ರೈಲು ನಿಲ್ದಾಣದ ಪಕ್ಕದಲ್ಲೇ ಇದೆ. ಹಳೆಯ ಮರಗಳು, ಏರಿಳಿತದ ನೆಲ, ದುಬಾರಿಯೂ ಅಲ್ಲ. ಮೊದಲ ರೌಂಡ್ ಇಲ್ಲಿಡಿ. ಬ್ಲ್ಯಾಕ್ ಮೌಂಟನ್ 2007ರಲ್ಲಿ ತೆರೆದದ್ದು, ಏಷ್ಯಾ ಮತ್ತು ಯುರೋಪ್ ತಂಡಗಳ ನಡುವಿನ ರಾಯಲ್ ಟ್ರೋಫಿ ಪಂದ್ಯ ಇಲ್ಲಿ ನಡೆದಿದೆ. ಊರಿನಲ್ಲಿ ಅತಿ ದುಬಾರಿ ಕೋರ್ಸುಗಳಲ್ಲಿ ಒಂದು, ಹಿಂದಿನ ಟೀಯಿಂದ, ಅಂದರೆ ಮೊದಲ ಹೊಡೆತಕ್ಕಿರುವ ಅತಿ ದೂರದ ಜಾಗದಿಂದ, ಆಡಿದರೆ ನೀರು ನಿಮ್ಮ ಚೆಂಡುಗಳನ್ನೆಲ್ಲ ನುಂಗುತ್ತದೆ. ಹಿಂದೆ ಬನ್ಯನ್ ಎನ್ನುತ್ತಿದ್ದ, ಅನಾನಸ್ ತೋಟದ ಜಾಗದಲ್ಲಿ ಎದ್ದ ಕೋರ್ಸಿಗೆ ಈಗ ಪೈನಾಪಲ್ ವ್ಯಾಲಿ ಎಂಬ ಹೆಸರು. ಹಳೆಯ ಹೆಸರಿನಲ್ಲಿ ಹುಡುಕಿ ಸಿಗಲಿಲ್ಲ ಎನ್ನಬೇಡಿ. ಅಮೆರಿಕದ ಹೆಸರಾಂತ ಗಾಲ್ಫ್ ಆಟಗಾರ ಜ್ಯಾಕ್ ನಿಕ್ಲಾಸ್ ವಿನ್ಯಾಸದ ಸ್ಪ್ರಿಂಗ್‌ಫೀಲ್ಡ್, ಸುಲಭವಾದ ಪಾಮ್ ಹಿಲ್ಸ್ ಕೂಡ ಇದೇ ಸುತ್ತಿನಲ್ಲಿವೆ.

ಪಟ್ಟಾಯ ಎರಡನೆಯ ಆಯ್ಕೆ. ಬ್ಯಾಂಕಾಕ್‌ನ ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ಒಂದೂವರೆ, ಎರಡು ಗಂಟೆ. ಕೋರ್ಸುಗಳ ಸಂಖ್ಯೆ ಇಲ್ಲಿ ಹೆಚ್ಚು, ದರದಲ್ಲಿ ಎಲ್ಲ ಮಟ್ಟದವೂ ಸಿಗುತ್ತವೆ. ಸಯಾಮ್ ಕಂಟ್ರಿ ಕ್ಲಬ್ಬಿನ ಓಲ್ಡ್ ಕೋರ್ಸ್‌ನಲ್ಲಿ ವೃತ್ತಿಪರ ಮಹಿಳೆಯರ ಹೋಂಡಾ ಎಲ್‌ಪಿಜಿಎ ಪಂದ್ಯ ನಡೆಯುತ್ತದೆ. 2021ರಲ್ಲಿ ಆರಿಯಾ ಜುಟಾನುಗಾರ್ನ್ ಗೆದ್ದದ್ದು ಇಲ್ಲೇ, ತಾಯ್ನಾಡಿನ ಆ ಪಂದ್ಯವನ್ನು ಗೆದ್ದ ಮೊದಲ ಥಾಯ್ ಆಟಗಾರ್ತಿ ಆಕೆ. ಊರಿನ ರಾತ್ರಿ ಬದುಕಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಆದರೆ ರಾತ್ರಿ ಎರಡರವರೆಗೆ ಬೀದಿ ಸುತ್ತಿ ಬೆಳಿಗ್ಗೆ 6.40ಕ್ಕೆ ಟೀ ಆಫ್ ಮಾಡಿದವರ ಸ್ಕೋರ್ ಕಾರ್ಡ್ ನೋಡಿದ್ದೇನೆ.

ಫುಕೆಟ್ ಚೆಂದ, ಆದರೆ ಕೋರ್ಸುಗಳು ಬೆರಳೆಣಿಕೆಯಷ್ಟು, ದರ ಹೆಚ್ಚು. ಮನೆಯವರಿಗೆ ಸಮುದ್ರ ಬೇಕು, ನಿಮಗೆ ಎರಡು ರೌಂಡ್ ಸಾಕು ಎಂದರೆ ಇದೇ ಸರಿ. ಬ್ಲೂ ಕ್ಯಾನ್ಯನ್‌ನ ಕ್ಯಾನ್ಯನ್ ಕೋರ್ಸ್‌ನಲ್ಲಿ 1998ರ ಜಾನಿ ವಾಕರ್ ಕ್ಲಾಸಿಕ್‌ನ ಕೊನೆಯ ದಿನ ಟೈಗರ್ ವುಡ್ಸ್ ಎಂಟು ಹೊಡೆತ ಹಿಂದಿದ್ದವರು ದಕ್ಷಿಣ ಆಫ್ರಿಕಾದ ಎರ್ನಿ ಎಲ್ಸ್‌ ಅವರನ್ನು, ಸಮವಾದಾಗ ಆಡುವ ಪ್ಲೇಆಫ್‌ನಲ್ಲಿ ಸೋಲಿಸಿದರು. ವುಡ್ಸ್ ತಾಯಿ ಥಾಯ್ ಮೂಲದವರು, ಹಾಗಾಗಿ ಅಲ್ಲಿನ ಕ್ಯಾಡಿಗಳ, ಅಂದರೆ ಬ್ಯಾಗ್ ನೋಡಿಕೊಂಡು ಆಟಗಾರರ ಜೊತೆ ಬರುವ ಸಹಾಯಕರ, ಪಾಲಿಗೆ ಅವರು ಅರ್ಧ ಮನೆಮಗ.

ಬ್ಯಾಂಕಾಕ್ ಸುತ್ತ ಒಳ್ಳೊಳ್ಳೆಯ ಕೋರ್ಸುಗಳಿವೆ, ಆದರೆ ಊರಿನ ಟ್ರಾಫಿಕ್ ನಮ್ಮ ಸಿಲ್ಕ್ ಬೋರ್ಡ್‌ಗೆ ಅಣ್ಣ. ಒಂದು ವಿಚಿತ್ರ ಮಾತ್ರ ಹೇಳಲೇಬೇಕು. ಡಾನ್ ಮುಯಾಂಗ್ ವಿಮಾನ ನಿಲ್ದಾಣದ ಎರಡು ರನ್‌ವೇಗಳ ನಡುವೆ ವಾಯುಪಡೆಯ 18 ಹೋಲ್‌ಗಳ ಕೋರ್ಸ್ ಇದೆ. ವಿಮಾನ ಇಳಿಯುವಾಗ ಕಿಟಕಿ ಪಕ್ಕ ಕೂತಿದ್ದರೆ ಪಟ್ ಮಾಡುತ್ತಿರುವವರು, ಅಂದರೆ ಚೆಂಡನ್ನು ಮೆಲ್ಲಗೆ ಗುಳಿಗೆ ಉರುಳಿಸುತ್ತಿರುವವರು, ಕಾಣುತ್ತಾರೆ.

3. ಎಷ್ಟು ರೌಂಡ್?

ಏಳು ರಾತ್ರಿಗೆ ನಾಲ್ಕು. ತೀರಾ ಹಟವಿದ್ದರೆ ಐದು. ಇದಕ್ಕಿಂತ ಹೆಚ್ಚು ಬೇಡ.

ನಮ್ಮಲ್ಲಿ ಬೆಳಗಿನ ತಂಪಿನಲ್ಲಿ ಆಡಿ ರೂಢಿಯಾದವರಿಗೆ ಅಲ್ಲಿಯ ಸೆಕೆ ಮೊದಲ ದಿನ ತಿಳಿಯುವುದಿಲ್ಲ, ಮೂರನೆಯ ದಿನ ತಿಳಿಯುತ್ತದೆ. ಎರಡು ದಿನ ಆಡಿ, ಒಂದು ದಿನ ಬಿಟ್ಟು, ಮತ್ತೆ ಎರಡು ದಿನ ಆಡಿ. ಒಂದೇ ದಿನ 36 ಹೋಲ್ ಆಡುವ ಉತ್ಸಾಹವನ್ನು ಊರಿಗೇ ಉಳಿಸಿಕೊಳ್ಳಿ.

ಬಂದಿಳಿದ ದಿನ ಆಟ ಬೇಡ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನದಲ್ಲಿ ನಾಲ್ಕು ಗಂಟೆ ಒಳಗೇ, ಆದರೆ ಅವುಗಳಲ್ಲಿ ಹಲವು ಹೊರಡುವುದು ನಡುರಾತ್ರಿ. ಥಾಯ್ ಸಮಯ ನಮಗಿಂತ ಒಂದೂವರೆ ಗಂಟೆ ಮುಂದೆ. ನಿದ್ದೆಯಿಲ್ಲದೆ ಬೆಳಗಿನ ಜಾವ ಇಳಿಯುತ್ತೀರಿ. "ಏರ್‌ಪೋರ್ಟ್‌ನಿಂದ ನೇರ ಕೋರ್ಸಿಗೇ ಕರೆದೊಯ್ಯುತ್ತೇವೆ ಸಾರ್, ದಿನ ಉಳಿಯುತ್ತೆ" ಎಂದು ಏಜೆಂಟರು ಪುಸಲಾಯಿಸುತ್ತಾರೆ. ದಿನವೇನೋ ಉಳಿಯುತ್ತದೆ, ಸೊಂಟ ಉಳಿಯುವುದಿಲ್ಲ.

4. ದುಡ್ಡಿನ ಲೆಕ್ಕ

ಥಾಯ್ ನಾಣ್ಯ ಬಾತ್, ಬಿಸಿಬೇಳೆ ಬಾತ್‌ನ ಬಾತೇ ಎಂದು ಉಚ್ಚರಿಸಿದರೆ ಅರ್ಥವಾಗುತ್ತದೆ. ಒಂದು ಬಾತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ.

ಎಲ್ಲರೂ ಮುಗ್ಗರಿಸುವುದು ಇಲ್ಲೇ: ಕೋರ್ಸಿನ ತಾಣದಲ್ಲಿ ದೊಡ್ಡದಾಗಿ ಕಾಣುವ ಮೊತ್ತ ಹಲವು ಸಲ ಗ್ರೀನ್ ಫೀ ಮಾತ್ರ, ಅಂದರೆ ಆ ಕೋರ್ಸಿನಲ್ಲಿ 18 ಹೋಲ್ ಆಡಲು ಕೊಡುವ ಶುಲ್ಕ. ಅದರ ಮೇಲೆ ಕ್ಯಾಡಿ ಫೀ ಇದೆ. ಕಾರ್ಟ್ ಬಾಡಿಗೆ ಇದೆ. ಕಾರ್ಟ್ ಎಂದರೆ ನಾವು ಬಗ್ಗಿ ಎನ್ನುವ ಬ್ಯಾಟರಿ ಗಾಡಿ. ಕೆಲವೆಡೆ ಒಂದು ಕಾರ್ಟ್ ಇಬ್ಬರಿಗೆ, ಕೆಲವೆಡೆ ತಲೆಗೊಂದು, ಕೆಲವೆಡೆ ಬೇಡವೆಂದರೂ ಕಡ್ಡಾಯ. ಫೇರ್‌ವೇ, ಅಂದರೆ ಆಟದ ಹಾದಿಯ ಕತ್ತರಿಸಿದ ಹುಲ್ಲಿನ, ಮೇಲೆ ಕಾರ್ಟ್ ಓಡಿಸಲು ಬೇರೆ ಹಣ ಕೇಳುವ ಕೋರ್ಸುಗಳೂ ಇವೆ. ಇದೆಲ್ಲದರ ಮೇಲೆ ಕ್ಯಾಡಿಗೆ ಟಿಪ್.

ಹೆಚ್ಚು ಜನ ಬರುವ ಕಾಲದಲ್ಲಿ, ಒಳ್ಳೆಯ ಆದರೆ ಅತಿ ದುಬಾರಿಯಲ್ಲದ ಕೋರ್ಸಿನಲ್ಲಿ, ಎಲ್ಲ ಸೇರಿ ಒಂದು ರೌಂಡ್‌ಗೆ ತಲಾ 4,000ದಿಂದ 6,000 ಬಾತ್ ಎಂದು ಬರೆದಿಟ್ಟುಕೊಳ್ಳಿ. ಹೆಸರುವಾಸಿ ಕೋರ್ಸಾದರೆ ಅದಕ್ಕೂ ಮೇಲೆ. ಇಳಿಸಲು ದಾರಿಯಿದೆ. ವಾರದ ದಿನಗಳಲ್ಲಿ ಆಡಿ, ಶನಿವಾರ ಭಾನುವಾರಕ್ಕಿಂತ ಅಗ್ಗ. ಹಲವು ಕೋರ್ಸುಗಳು ವಾರದಲ್ಲೊಂದು ದಿನ "ಸ್ಪೋರ್ಟ್ಸ್ ಡೇ" ಎಂದು ರಿಯಾಯಿತಿ ದರ ಇಡುತ್ತವೆ, ಅದು ಯಾವ ದಿನ ಎಂದು ಕೇಳಿ. ಅಲ್ಲಿನ ಬುಕಿಂಗ್ ಏಜೆಂಟರ ದರ ಎಷ್ಟೋ ಸಲ ಕೋರ್ಸಿನ ಕೌಂಟರ್ ದರಕ್ಕಿಂತ ಕಡಿಮೆ ಇರುತ್ತದೆ. ಎರಡನ್ನೂ ಹೋಲಿಸಿ ನೋಡದೆ ದುಡ್ಡು ಕಟ್ಟಬೇಡಿ.

ನಗದು ಬೇಕೇ ಬೇಕು. ಅಲ್ಲಿನ ಎಟಿಎಂಗಳು ಹೊರದೇಶದ ಕಾರ್ಡಿಗೆ ಪ್ರತಿ ಸಲ 200 ಬಾತ್‌ಗೂ ಹೆಚ್ಚು ಶುಲ್ಕ ಹಿಡಿಯುತ್ತವೆ. ಆದ್ದರಿಂದ ಚೂರುಚೂರಾಗಿ ತೆಗೆಯದೆ ಒಮ್ಮೆಗೇ ತೆಗೆಯಿರಿ. ಯಂತ್ರವೋ ಅಂಗಡಿಯವರೋ "ರೂಪಾಯಿಯಲ್ಲಿ ಕೊಡುತ್ತೀರಾ, ಬಾತ್‌ನಲ್ಲೋ?" ಎಂದು ಕೇಳಿದರೆ ಬಾತ್ ಎನ್ನಿ. ರೂಪಾಯಿ ಎಂದರೆ ಕೆಟ್ಟ ವಿನಿಮಯ ದರದಲ್ಲಿ ಕತ್ತರಿಸಿಕೊಳ್ಳುತ್ತಾರೆ. ಇಲ್ಲಿಂದಲೇ ಪ್ಯಾಕೇಜ್ ಕೊಂಡರೆ ಬಿಲ್ಲಿನಲ್ಲಿ ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಸೇರುತ್ತದೆ. ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ರಸೀತಿ ಇಟ್ಟುಕೊಳ್ಳಿ.

5. ಟೀ ಟೈಮ್ ಬುಕ್ ಮಾಡುವ ಮುನ್ನ ಕೇಳಬೇಕಾದ್ದು

ಮೊದಲು ವಿಮಾನ, ಆಮೇಲೆ ಟೀ ಟೈಮ್, ಆಮೇಲೆ ಹೋಟೆಲ್. ಜನ ತಿರುಗಾಮುರುಗಾ ಮಾಡುತ್ತಾರೆ. ಡಿಸೆಂಬರ್, ಜನವರಿಗೆ ಎರಡು ಮೂರು ತಿಂಗಳು ಮುಂಚೆಯೇ ಬರೆಯಿರಿ, ಮತ್ತು ಇಮೇಲ್‌ನಲ್ಲಿ ಇವನ್ನೆಲ್ಲ ಕೇಳಿ:

- ಈ ದರದಲ್ಲಿ ಕ್ಯಾಡಿ, ಕಾರ್ಟ್ ಸೇರಿದೆಯೇ? ಕಾರ್ಟ್ ಕಡ್ಡಾಯವೇ?
- ಆ ವಾರ ಗ್ರೀನ್‌ಗಳಿಗೆ, ಅಂದರೆ ಗುಳಿಯ ಸುತ್ತಲಿನ ನುಣ್ಣನೆಯ ಹುಲ್ಲಿಗೆ, ತೂತು ಹೊಡೆಯುವ ಕೆಲಸವಿದೆಯೇ?
- ಪಂದ್ಯಾವಳಿ ಅಥವಾ ಕಂಪನಿಗಳ ದೊಡ್ಡ ಗುಂಪು ಇದೆಯೇ?
- ಐದು ಜನರ ತಂಡಕ್ಕೆ ಅವಕಾಶವಿದೆಯೇ?
- ಸಿಡಿಲಿನಿಂದ ಆಟ ನಿಂತರೆ ಹಣ ವಾಪಸೋ, ಇನ್ನೊಂದು ದಿನಕ್ಕೆ ವೋಚರೋ? ಎಷ್ಟು ಹೋಲ್ ಆಡಿದ ಮೇಲೆ ಏನೂ ಇಲ್ಲ?

ಎರಡನೆಯ ಪ್ರಶ್ನೆ ಮುಖ್ಯ. ಹುಲ್ಲಿನ ಬೇರಿಗೆ ಗಾಳಿಯಾಡಲೆಂದು ಗ್ರೀನ್ ತುಂಬ ತೂತು ತೆಗೆದು ಮರಳು ತುಂಬುತ್ತಾರೆ, ಅದು ಮೊದಲಿನಂತಾಗಲು ಎರಡು ಮೂರು ವಾರ ಬೇಕು. ನಮ್ಮ ತಂಡ ಒಮ್ಮೆ ಕೇಳದೇ ಹೋಗಿ, ಪೂರ್ತಿ ದರ ಕೊಟ್ಟು, ರವೆ ಚೆಲ್ಲಿದಂತಿದ್ದ ಗ್ರೀನ್ ಮೇಲೆ ಪಟ್ ಮಾಡಿ ಬಂದಿದೆ. ಕೇಳಿದ್ದರೆ ಹೇಳುತ್ತಿದ್ದರು, ಕೇಳದಿದ್ದರೆ ಯಾಕೆ ಹೇಳುತ್ತಾರೆ?

ಐದು ಜನರ ತಂಡದ ಪ್ರಶ್ನೆ ನಿಮಗಾಗಿ ಮಾತ್ರವಲ್ಲ, ನಿಮ್ಮ ಮುಂದಿನವರಿಗಾಗಿ. ಐದೈದು ಜನರನ್ನು ಬಿಡುವ ಕೋರ್ಸಿನಲ್ಲಿ ವಾರಾಂತ್ಯದ ರೌಂಡ್ ಐದೂವರೆ ಗಂಟೆ ಎಳೆಯುತ್ತದೆ.

ಡಿಸೆಂಬರ್‌ನಲ್ಲಿ ಸಂಜೆ ಆರರ ಸುಮಾರಿಗೆ ಕತ್ತಲು. ಅಗ್ಗವೆಂದು ಮಧ್ಯಾಹ್ನ ಒಂದರ ನಂತರದ ಟೀ ಟೈಮ್ ಹಿಡಿದರೆ ಕೊನೆಯ ಎರಡು ಹೋಲ್ ಮೊಬೈಲ್ ಟಾರ್ಚಿನಲ್ಲಿ. ಆಟಗಾರನ ಮಟ್ಟ ತಿಳಿಸುವ ಹ್ಯಾಂಡಿಕ್ಯಾಪ್ ಸರ್ಟಿಫಿಕೇಟನ್ನು ಕೇಳುವ ಕೋರ್ಸ್ ಅಪರೂಪ, ಆದರೂ ಫೋನಿನಲ್ಲಿ ಒಂದು ಪ್ರತಿ ಇರಲಿ. ನಿಮ್ಮ ಕ್ಲಬ್ಬಿಗೆ ಅಲ್ಲಿನ ಯಾವುದಾದರೂ ಕ್ಲಬ್ಬಿನೊಂದಿಗೆ ಒಪ್ಪಂದ ಇದೆಯೇ ಎಂದು ಕಚೇರಿಯಲ್ಲಿ ವಿಚಾರಿಸಿ. ಇದ್ದರೆ ಪರಿಚಯ ಪತ್ರ ಕೊಡುತ್ತಾರೆ, ಸದಸ್ಯರ ಜೊತೆ ಮಾತ್ರ ಬಿಡುವ ಕೋರ್ಸುಗಳಲ್ಲಿ ಅದು ಉಪಯೋಗಕ್ಕೆ ಬರಬಹುದು.

6. ಗಾಲ್ಫ್ ಬ್ಯಾಗ್ ಮತ್ತು ವಿಮಾನ

ಅಗ್ಗದ ಟಿಕೆಟ್ ನೋಡಿ ಖುಷಿಪಡುವ ಮುನ್ನ ಗಾಲ್ಫ್ ಬ್ಯಾಗಿನ ನಿಯಮ ಓದಿ. ಕೆಲವು ಕಂಪನಿಗಳು ಅದನ್ನು ನಿಮ್ಮ ಲಗೇಜ್ ತೂಕದಲ್ಲೇ ಸೇರಿಸಿಕೊಳ್ಳುತ್ತವೆ, ಕೆಲವು ಕ್ರೀಡಾ ಸಾಮಗ್ರಿ ಎಂದು ಬೇರೆ ಶುಲ್ಕ ಹಾಕುತ್ತವೆ. ಆ ಶುಲ್ಕ ಮುಂಚೆಯೇ ಆನ್‌ಲೈನ್‌ನಲ್ಲಿ ಕಟ್ಟಿದರೆ ಒಂದು, ಏರ್‌ಪೋರ್ಟ್ ಕೌಂಟರಿನಲ್ಲಿ ಕಟ್ಟಿದರೆ ಅದರ ಎಷ್ಟೋ ಪಟ್ಟು. ಹೋಗುವುದಕ್ಕೂ ಬರುವುದಕ್ಕೂ ಎರಡಕ್ಕೂ ಕಟ್ಟಿದ್ದೀರಾ ನೋಡಿಕೊಳ್ಳಿ, ಬರುವ ದಾರಿಯನ್ನು ಮರೆಯುವವರೇ ಹೆಚ್ಚು.

ಕ್ಲಬ್ಬುಗಳು, ಅಂದರೆ ಆಡುವ ಕೋಲುಗಳು, ಕ್ಯಾಬಿನ್‌ಗೆ ನಿಷಿದ್ಧ. ಚೆಕ್-ಇನ್‌ಗೆ ಹಾಕುವಾಗ ಡ್ರೈವರ್ ಎಂಬ ಉದ್ದನೆಯ ಕ್ಲಬ್ಬಿನ ತಲೆ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಡಿ, ಉಳಿದ ಕ್ಲಬ್ಬುಗಳಿಗಿಂತ ಉದ್ದವಾದ ಗಟ್ಟಿ ಕೋಲೊಂದನ್ನು ಬ್ಯಾಗಿನ ನಡುವೆ ನಿಲ್ಲಿಸಿ. ಬ್ಯಾಗ್ ತಲೆಕೆಳಗಾಗಿ ಬಿದ್ದರೂ ಏಟು ಕೋಲಿಗೆ ಬೀಳುತ್ತದೆ. ದೂರ ಅಳೆಯುವ ರೇಂಜ್‌ಫೈಂಡರಿನ ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲಿರಲಿ. ನಿಮ್ಮ ಸೆಟ್ ದುಬಾರಿಯದಾಗಿದ್ದರೆ ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. "ಇದು ಇಲ್ಲಿಂದಲೇ ಒಯ್ದದ್ದು" ಎನ್ನುವ ದಾಖಲೆ ಅದು. ವಾಪಸಾಗುವಾಗ ಹೊಸದಾಗಿ ಕೊಂಡು ತಂದಿರಿ ಎಂಬ ವಾದ ತಪ್ಪುತ್ತದೆ.

ಎರಡೇ ರೌಂಡ್ ಆಡುವವರು ಬಾಡಿಗೆ ಸೆಟ್ ತೆಗೆದುಕೊಳ್ಳಿ. ಶೂ, ಗ್ಲೌಸ್, ಚೆಂಡು ಮಾತ್ರ ಒಯ್ದರೆ ಸಾಕು. ಎಡಗೈ ಆಟಗಾರರು ಮುಂಚೆಯೇ ಹೇಳಿಡಬೇಕು.

7. ಕಾಗದಪತ್ರ

ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಭಾರತೀಯರಿಗೆ ವೀಸಾ ಇಲ್ಲದೆ ಪ್ರವೇಶ 2023ರ ನವೆಂಬರ್‌ನಲ್ಲಿ ಶುರುವಾಯಿತು. ಎಷ್ಟು ದಿನ ಇರಬಹುದು ಎಂಬ ನಿಯಮ ಆಮೇಲೆ ಬದಲಾಗಿದೆ. ಆದ್ದರಿಂದ ಟಿಕೆಟ್ ಕೊಳ್ಳುವ ದಿನ ಥಾಯ್ ರಾಯಭಾರ ಕಚೇರಿಯ ತಾಣವನ್ನೇ ನೋಡಿ, ಹೋದ ವರ್ಷ ಹೋಗಿಬಂದ ಗೆಳೆಯನ ಮಾತು ನಂಬಬೇಡಿ.

2025ರ ಮೇ 1ರಿಂದ ಎಲ್ಲ ವಿದೇಶಿಯರೂ ಟಿಡಿಎಸಿ ಎಂಬ ಡಿಜಿಟಲ್ ಆಗಮನ ಪತ್ರ ತುಂಬಬೇಕು. ಬಂದಿಳಿಯುವ ಮುಂಚಿನ ಮೂರು ದಿನಗಳೊಳಗೆ, ಆನ್‌ಲೈನ್‌ನಲ್ಲಿ. ಅದು ಉಚಿತ. ದುಡ್ಡು ಕೇಳುವ ತಾಣಕ್ಕೆ ಹೋಗಿದ್ದೀರಿ ಎಂದರೆ ಅದು ಸರ್ಕಾರದ್ದಲ್ಲ, ಹೊರಗೆ ಬನ್ನಿ.

ಇ-ಸಿಗರೇಟ್ ಸೇದುವವರಿದ್ದರೆ ಅದನ್ನು ಮನೆಯಲ್ಲೇ ಬಿಡಲಿ, ಥೈಲ್ಯಾಂಡ್‌ನಲ್ಲಿ ಕಾನೂನುಬಾಹಿರ.

ಪ್ರಯಾಣ ವಿಮೆ ಮಾಡಿಸಿ. ಆದರೆ ಬಿಡುವಿನ ದಿನ ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡು ಬಿದ್ದರೆ, ದ್ವಿಚಕ್ರ ವಾಹನದ ಲೈಸೆನ್ಸ್ ಮತ್ತು ಅಂತರರಾಷ್ಟ್ರೀಯ ಪರವಾನಗಿ ಇಲ್ಲದಿದ್ದರೆ, ವಿಮೆಯವರು ಸಾಮಾನ್ಯವಾಗಿ ಕೈ ತೊಳೆದುಕೊಳ್ಳುತ್ತಾರೆ.

8. ಓಡಾಟ

ನಾಲ್ಕು ಜನ, ನಾಲ್ಕು ಗಾಲ್ಫ್ ಬ್ಯಾಗ್, ನಾಲ್ಕು ಸೂಟ್‌ಕೇಸ್ ಯಾವ ಟ್ಯಾಕ್ಸಿಯಲ್ಲೂ ಹಿಡಿಸುವುದಿಲ್ಲ. ಚಾಲಕ ಸಮೇತ ವ್ಯಾನ್ ಗೊತ್ತುಮಾಡಿ, ಅಲ್ಲಿನವರು ಅದಕ್ಕೆ "ರೊತ್ ತೂ" ಎನ್ನುತ್ತಾರೆ. ಏರ್‌ಪೋರ್ಟಿನಿಂದ ಊರಿಗೆ, ಊರಿಂದ ಕೋರ್ಸುಗಳಿಗೆ, ಮತ್ತೆ ಏರ್‌ಪೋರ್ಟಿಗೆ ಒಬ್ಬನೇ ಚಾಲಕನಾದರೆ ನೆಮ್ಮದಿ. ಕೋರ್ಸಿಗೆ ಹೋಗುವಾಗ ಆ್ಯಪ್ ಗಾಡಿ ಸಿಕ್ಕರೂ ಬರುವಾಗ ಸಿಗುವುದು ಅನುಮಾನ, ಏಕೆಂದರೆ ಕೋರ್ಸುಗಳು ಊರಾಚೆ. ಇಂಧನ, ಟೋಲ್ ಸೇರಿದೆಯೇ, ಎಷ್ಟು ಗಂಟೆಯ ಲೆಕ್ಕ ಎಂದು ಬರಹದಲ್ಲಿ ಪಡೆದುಕೊಳ್ಳಿ.

9. ಕ್ಯಾಡಿ

ಥೈಲ್ಯಾಂಡ್ ಗಾಲ್ಫನ್ನು ಬೇರೆಲ್ಲ ಕಡೆಗಿಂತ ಬೇರೆ ಮಾಡುವುದು ಕ್ಯಾಡಿಗಳು. ಬಹುತೇಕ ಎಲ್ಲ ಕೋರ್ಸುಗಳಲ್ಲೂ ಕ್ಯಾಡಿ ಕಡ್ಡಾಯ, ಒಬ್ಬ ಆಟಗಾರನಿಗೆ ಒಬ್ಬರು, ಮತ್ತು ಬಹುಪಾಲು ಹೆಂಗಸರು. ಬಿಸಿಲಿಗೆ ಮುಖ ಪೂರ್ತಿ ಮುಚ್ಚಿಕೊಂಡು, ಉದ್ದ ತೋಳಿನ ಸಮವಸ್ತ್ರದಲ್ಲಿ, ಬೆನ್ನ ಮೇಲೆ ನಂಬರು ಹೊತ್ತು ನಿಂತಿರುತ್ತಾರೆ. ಆ ನಂಬರು ನೆನಪಿಟ್ಟುಕೊಳ್ಳಿ.

ಆಟಕ್ಕೆ ಮೊದಲು ಆಕೆ ನಿಮ್ಮ ಕ್ಲಬ್ ಎಣಿಸುತ್ತಾರೆ. ನಿಯಮದ ಪ್ರಕಾರ 14ಕ್ಕಿಂತ ಹೆಚ್ಚಿರಬಾರದು. ಮುಗಿದ ಮೇಲೆ ಮತ್ತೆ ಎಣಿಸಿ ನಿಮಗೆ ತೋರಿಸುತ್ತಾರೆ. ನೀವೂ ಎಣಿಸಿ. ವೆಡ್ಜ್ ಎಂಬ ಕ್ಲಬ್ಬನ್ನು ಗ್ರೀನ್ ಪಕ್ಕ ಬಿಟ್ಟು ಬರುವುದು ನಾವೇ, ಹೊಣೆ ಹೊರುವುದು ಆಕೆ.

ಗ್ರೀನ್ ಮೇಲೆ ಆಕೆಯ ಮಾತು ಕೇಳಿ. ಅಲ್ಲಿನ ಹಲವು ಗ್ರೀನ್‌ಗಳಲ್ಲಿರುವುದು ಬರ್ಮುಡಾ ಹುಲ್ಲಿನ ಮಿಶ್ರತಳಿ, ಅಂದರೆ ನಾವು ಗಣಪತಿಗೆ ಏರಿಸುವ ಗರಿಕೆಯ ಸಂತಾನ. ಗರಿಕೆ ನೇರ ನಿಲ್ಲದೆ ಒಂದು ದಿಕ್ಕಿಗೆ ಹರಡಿ ಮಲಗುತ್ತದೆ. ಇದನ್ನೇ ಗ್ರೇನ್ ಎನ್ನುವುದು. ಹುಲ್ಲು ಮಲಗಿದ ದಿಕ್ಕಿಗೆ ಪಟ್ ಮಾಡಿದರೆ ಚೆಂಡು ಓಡುತ್ತದೆ, ಎದುರಾದರೆ ನಿಲ್ಲುತ್ತದೆ, ಅಡ್ಡವಿದ್ದರೆ ಇಳಿಜಾರು ಕಾಣದ ಕಡೆಯೂ ತಿರುಗುತ್ತದೆ. ವರ್ಷಗಟ್ಟಲೆ ದಿನವೂ ಅದೇ ಗ್ರೀನ್ ನೋಡುವ ಆಕೆಗೆ ಇದು ಅಂಗೈ ಗೆರೆ. ನಿಮ್ಮ ಕಣ್ಣಿಗೆ ಬಲಕ್ಕೆ ಕಂಡು ಆಕೆ ಎಡಕ್ಕೆ ಎಂದರೆ, ಎಡಕ್ಕೇ ಹೊಡೆಯಿರಿ. ಸಾಯ್ ಎಂದರೆ ಎಡ, ಖ್ವಾ ಎಂದರೆ ಬಲ, ತ್ರೋಂಗ್ ಎಂದರೆ ನೇರ. ಧನ್ಯವಾದಕ್ಕೆ ಗಂಡಸರು "ಖೋಪ್ ಖುನ್ ಖ್ರಾಪ್", ಹೆಂಗಸರು "ಖೋಪ್ ಖುನ್ ಖಾ".

ಟಿಪ್ ವಿಷಯಕ್ಕೆ ಬರೋಣ. ನೀವು ಕೌಂಟರಿನಲ್ಲಿ ಕಟ್ಟಿದ ಕ್ಯಾಡಿ ಫೀ ಟಿಪ್ ಅಲ್ಲ. ಟಿಪ್ಪೇ ಅವರ ಗಳಿಕೆಯ ದೊಡ್ಡ ಪಾಲು. 300ರಿಂದ 500 ಬಾತ್ ವಾಡಿಕೆ, ದುಬಾರಿ ಕೋರ್ಸಿನಲ್ಲಿ ಮೇಲ್ತುದಿ. ನಗದಾಗಿ, ಆಟ ಮುಗಿದ ಮೇಲೆ, ಅವರ ಕೈಗೇ ಕೊಡಿ. ನಾಲ್ವರೂ ಒಂದೇ ಮೊತ್ತ ಕೊಡುವುದೆಂದು ಮೊದಲೇ ಮಾತಾಡಿಕೊಳ್ಳಿ. ಒಬ್ಬ 500 ಕೊಟ್ಟು ಇನ್ನೊಬ್ಬ 200 ಕೊಟ್ಟರೆ ಆ ಮುಜುಗರ ಕ್ಯಾಡಿಗಳ ಮಧ್ಯೆ ಉಳಿಯುತ್ತದೆ. ನೂರರ ನೋಟುಗಳನ್ನು ಬೆಳಿಗ್ಗೆಯೇ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಮೂರು ನಾಲ್ಕು ಹೋಲ್‌ಗೊಂದರಂತೆ ಪಾನೀಯದ ಅಂಗಡಿ ಬರುತ್ತದೆ, ನೀವು ಎಳನೀರು ಕುಡಿಯುವಾಗ ಆಕೆಗೂ ಒಂದು ಕೊಡಿಸಿ.

ಒಂದು ಮಾತು ಖಾರವಾಗಿಯೇ ಹೇಳುತ್ತೇನೆ. ಕೆಟ್ಟ ಹೊಡೆತಕ್ಕೆ ಕ್ಯಾಡಿಯ ಮೇಲೆ ಕೂಗಾಡುವ ಚಾಳಿ ನಮ್ಮ ಕ್ಲಬ್ಬುಗಳಲ್ಲಿ ಇದೆ. ಅಲ್ಲಿ ಎಲ್ಲರೆದುರು ದನಿ ಏರಿಸುವುದು ಅವಮಾನ, ಅದು ನಿಮ್ಮ ಮರ್ಯಾದೆಯನ್ನೇ ಕಳೆಯುತ್ತದೆ. ನಗುಮುಖ ನೋಡಿ ಸಲಿಗೆ ಎಂದು ತಿಳಿಯುವುದು ಅದಕ್ಕಿಂತ ದೊಡ್ಡ ತಪ್ಪು. ಫೋಟೋ ತೆಗೆಯುವ ಮುನ್ನ ಕೇಳಿ, ಮೈ ಮುಟ್ಟಬೇಡಿ, ತಮಾಷೆಗೂ ಆಕೆಯ ತಲೆ ಮುಟ್ಟಬೇಡಿ.

10. ಕೋರ್ಸಿನ ಮೇಲೆ

ಬೆಂಗಳೂರಿನವರಿಗೆ ಮೊದಲ ದಿನ ಗೊಂದಲವಾಗುವುದು ದೂರದ ಲೆಕ್ಕ. ನಾವು ಆಡುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಗಾಳಿ ತೆಳು, ಚೆಂಡು ದೂರ ಹಾರುತ್ತದೆ. ಹುವಾ ಹಿನ್ ಇರುವುದು ಕಡಲ ಪಕ್ಕ. ಇಲ್ಲಿ 150 ಗಜ ಹೋಗುವ ಸೆವೆನ್ ಐರನ್ ಕ್ಲಬ್ಬಿನ ಹೊಡೆತ ಅಲ್ಲಿ ನಾಲ್ಕೈದು ಗಜ ಮುಂಚೆಯೇ ಇಳಿಯುತ್ತದೆ, ನೆಲ ಒದ್ದೆಯಿದ್ದರೆ ಉರುಳುವುದೂ ಇಲ್ಲ. ಮುಂದೆ ನೀರಿದ್ದಾಗ ಇನ್ನೊಂದು ಹಂತ ದೂರ ಹೊಡೆಯುವ ಕ್ಲಬ್ ತೆಗೆದುಕೊಳ್ಳಿ. ಮಂಗಳೂರಿನವರಿಗೆ ಈ ತೊಂದರೆ ಇಲ್ಲ.

ಗ್ಲೌಸ್ ಕನಿಷ್ಠ ನಾಲ್ಕು ಒಯ್ಯಿರಿ. ಬೆವರಿಗೆ ಒಂಬತ್ತು ಹೋಲ್‌ಗೆ ಒಂದು ನೆನೆದು ಹೋಗುತ್ತದೆ. ಬಾಯಾರುವ ಮುನ್ನವೇ ನೀರು ಕುಡಿಯಿರಿ, ಒಆರ್‌ಎಸ್ ಪೊಟ್ಟಣ ಜೊತೆಗಿರಲಿ, ಬಿಯರ್ ಆಟ ಮುಗಿದ ಮೇಲೆ. ತಲೆ ತಿರುಗಿ ಬೆವರು ನಿಂತುಹೋದರೆ ಆಟ ಬಿಟ್ಟು ನೆರಳಿಗೆ ಬನ್ನಿ, ಕ್ಯಾಡಿಗೆ ಹೇಳಿ. ಕಾಲರ್ ಇರುವ ಅಂಗಿ, ಮೆತ್ತನೆ ಮೊಳೆಯ ಶೂ ಬೇಕು. ಮಂಡಿಯವರೆಗಿನ ಚಡ್ಡಿ ನಡೆಯುತ್ತದೆ, ಜೀನ್ಸ್ ನಡೆಯುವುದಿಲ್ಲ.

ಸಿಡಿಲಿನ ಸೈರನ್ ಕೂಗಿದರೆ ಆ ಪಟ್ಟನ್ನೂ ಮುಗಿಸಬೇಡಿ. ಮರದಡಿ ನಿಲ್ಲಬೇಡಿ, ಕ್ಯಾಡಿ ಕರೆದೊಯ್ದ ಕಡೆಗೆ ಹೋಗಿ. ಚೆಂಡು ಎತ್ತರದ ಹುಲ್ಲಿಗೆ ಹೋದರೆ ಕೈಹಾಕಿ ಹುಡುಕಬೇಡಿ, ಹಾವುಗಳಿವೆ. ಹುಡುಕಲು ನಿಯಮ ಕೊಡುವುದೂ ಮೂರೇ ನಿಮಿಷ. ಕೆರೆದಂಡೆಯಲ್ಲಿ ಮೊಸಳೆಮರಿಯಂತೆ ಹರಿದು ಹೋಗುವುದು ಉಡ, ಅದರ ಪಾಡಿಗೆ ಬಿಡಿ.

11. ಸಸ್ಯಾಹಾರಿಗಳಿಗೆ

ತಂಡದಲ್ಲಿ ಒಬ್ಬರಾದರೂ ಇರುತ್ತಾರೆ, ಎಲ್ಲರೂ ಮರೆಯುವುದೂ ಅವರನ್ನೇ. ಥಾಯ್ ಅಡುಗೆಯಲ್ಲಿ ತರಕಾರಿ ಪಲ್ಯಕ್ಕೂ ನಾಮ್ ಪ್ಲಾ ಎಂಬ ಮೀನಿನ ರಸ ಬೀಳುತ್ತದೆ, ಗೊಜ್ಜಿನಲ್ಲಿ ಕಪಿ ಎಂಬ ಸಿಗಡಿ ಪೇಸ್ಟ್ ಇರುತ್ತದೆ. ಬರೀ "ವೆಜ್" ಎಂದರೆ ಮಾಂಸದ ತುಂಡು ಹಾಕುವುದಿಲ್ಲ, ರಸ ಹಾಕುತ್ತಾರೆ.

ಎರಡು ಪದ ಕಲಿತುಕೊಳ್ಳಿ. "ಮಂಗ್ಸವಿರತ್" ಎಂದರೆ ಸಸ್ಯಾಹಾರ. ಗಮನಿಸಿ ಕೇಳಿದರೆ ನಮ್ಮದೇ ಮಾತು, ಮಾಂಸ ವಿರತಿ. ಇದರಲ್ಲಿ ಮೊಟ್ಟೆ ಬರಬಹುದು. ಅದಕ್ಕಿಂತ ಕಟ್ಟುನಿಟ್ಟಾದದ್ದು "ಜೇ". ಮಾಂಸ, ಮೀನಿನ ರಸ, ಮೊಟ್ಟೆ, ಹಾಲು ಯಾವುದೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಆ ಪದ ಬರೆದ ಅಂಗಡಿ ಕಂಡರೆ ಧೈರ್ಯವಾಗಿ ಕೂರಿ. ಬೇರೆಡೆ "ಮಾಯ್ ಸಾಯ್ ನಾಮ್ ಪ್ಲಾ", ಮೀನಿನ ರಸ ಹಾಕಬೇಡಿ, ಎಂದು ಸೇರಿಸಿ. ಥಾಯ್ ಲಿಪಿಯಲ್ಲಿ ಇದನ್ನು ಫೋನಿನಲ್ಲಿ ಬರೆಸಿಟ್ಟುಕೊಂಡು ತೋರಿಸುವುದು ಇನ್ನೂ ಒಳ್ಳೆಯದು, ನಮ್ಮ ಉಚ್ಚಾರಣೆ ಅವರಿಗೆ ತಿಳಿಯುವುದಿಲ್ಲ.

ತೊಂದರೆಯಾಗುವುದು ಬೆಳಗಿನ ಹೊತ್ತು. ಆರೂವರೆಗೆ ಟೀ ಆಫ್ ಎಂದರೆ ಹೋಟೆಲಿನ ತಿಂಡಿ ಶುರುವಾಗಿರುವುದಿಲ್ಲ. ಹಿಂದಿನ ರಾತ್ರಿಯೇ ಬಾಳೆಹಣ್ಣು, ಬ್ರೆಡ್ ತಂದಿಟ್ಟುಕೊಳ್ಳಿ. ಮನೆಯಿಂದ ಚಕ್ಕುಲಿ, ಹುರಿದ ಅವಲಕ್ಕಿ ಒಯ್ದರೆ ವ್ಯಾನಿನಲ್ಲಿ ತಿನ್ನಿ, ಹೊರಗಿನ ತಿಂಡಿಯನ್ನು ಕ್ಲಬ್‌ಹೌಸಿನೊಳಗೆ ಬಿಡುವುದಿಲ್ಲ.

12. ಕೊನೆಯ ದಿನ

ವಾಪಸ್ ವಿಮಾನ ರಾತ್ರಿಯದಾಗಿದ್ದರೆ ಬೆಳಿಗ್ಗೆ ಒಂದು ರೌಂಡ್ ಆಡಬಹುದು. ಹೋಟೆಲ್ ಖಾಲಿ ಮಾಡಿ ಸೂಟ್‌ಕೇಸುಗಳನ್ನು ವ್ಯಾನಿನಲ್ಲೇ ಹಾಕಿಕೊಂಡು ಹೋಗಿ, ಕ್ಲಬ್‌ಹೌಸಿನಲ್ಲಿ ಲಾಕರ್, ಟವೆಲ್, ಸ್ನಾನದ ಕೋಣೆ ಇರುತ್ತದೆ. ಆದರೆ ಹುವಾ ಹಿನ್‌ನಿಂದ ಹೊರಡುವವರು ವಿಮಾನದ ಹೊತ್ತಿಗೆ ಏಳು ಗಂಟೆ ಮುಂಚೆ ಊರು ಬಿಡಿ. ಮೂರು ಗಂಟೆಯ ರಸ್ತೆ ಶುಕ್ರವಾರ, ಭಾನುವಾರ ಸಂಜೆ ನಾಲ್ಕಾಗುತ್ತದೆ, ಗಾಲ್ಫ್ ಬ್ಯಾಗ್ ದೊಡ್ಡ ಸಾಮಾನಿನ ಕೌಂಟರಿಗೆ ಬೇರೆ ಹೋಗಬೇಕು. ಒದ್ದೆ ಶೂಗಳ ಮಣ್ಣು ತೊಳೆದು, ಒಳಗೆ ಹಳೆಯ ಪೇಪರ್ ತುರುಕಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬ್ಯಾಗಿಗೆ ಹಾಕಿ. ಮತ್ತು ಇನ್ನೊಮ್ಮೆ ಕ್ಲಬ್ ಎಣಿಸಿ.